ಕಾವಲುಗಾರನಿಗೆ ಹೇಳಿದ ಮಾತು

ದೊಡ್ಡಕ್ಕನಿಗೆ ಕಿವಿ ಕೇಳಿಸುವುದಿಲ್ಲ ಎಂದು ನಾನು ಬಹಳ ಕಾಲ ನಂಬಿದ್ದೆ. ಬರೀ ನಂಬಿದ್ದರೆ ಚಿಂತೆಯಿರಲಿಲ್ಲ, ಅದಕ್ಕೆ ತಕ್ಕಂತೆ ನಡೆದುಕೊಳ್ಳುತ್ತಲೂ ಇದ್ದೆ. ಅವರ ಹೊಲಿಗೆ ಅಂಗಡಿಯ ಮೆಟ್ಟಿಲು ಹತ್ತುವಾಗಲೇ ಗಂಟಲು ಸರಿಮಾಡಿಕೊಂಡು, "ಪ್ಯಾಂಟು! ಉದ್ದ! ಕಡಿಮೆ! ಮಾಡಬೇಕು!" ಎಂದು ಒಂದೊಂದೇ ಮಾತನ್ನು ಕಲ್ಲು ಎಸೆದ ಹಾಗೆ ಎಸೆಯುತ್ತಿದ್ದೆ. ದೊಡ್ಡಕ್ಕನೂ ಕತ್ತರಿ ಕೆಳಗಿಟ್ಟು, "ಯಾವತ್ತಿಗೆ! ಬೇಕು!" ಎಂದು ಅಷ್ಟೇ ಜೋರಾಗಿ ಕೂಗುತ್ತಿದ್ದರು. ಎದುರು ಸಾಲಿನ ಗಡಿಯಾರ ರಿಪೇರಿಯವನು ಕಣ್ಣಿಗೆ ಸಿಕ್ಕಿಸಿಕೊಂಡ ಮಸೂರ ತೆಗೆದು ನಮ್ಮಿಬ್ಬರನ್ನೂ ನೋಡಿ, ಮತ್ತೆ ಸಿಕ್ಕಿಸಿಕೊಳ್ಳುತ್ತಿದ್ದ.

ಒಂದು ದಿನ ನನ್ನ ಹೆಂಡತಿ ಅಂಗಡಿಯಿಂದ ಬಂದವಳೇ ತಡೆಯಲಾರದೆ ನಕ್ಕಳು. ದೊಡ್ಡಕ್ಕ ಅವಳನ್ನು ಹತ್ತಿರ ಕೂರಿಸಿಕೊಂಡು, ಮೆಲುದನಿಯಲ್ಲಿ ಸಮಾಧಾನ ಹೇಳಿದ್ದರಂತೆ: "ಬೇಜಾರು ಮಾಡ್ಕೋಬೇಡಿ. ಕಿವುಡರು ಹಾಗೇ, ತಮ್ಮ ದನಿ ತಮಗೇ ಕೇಳಿಸಲ್ಲ ನೋಡಿ, ಅದಕ್ಕೇ ಕಿರುಚ್ತಾರೆ. ಮನುಷ್ಯ ಒಳ್ಳೇವ್ರೇ."

ನನ್ನದು ತಪ್ಪು ತಿಳಿವಳಿಕೆಯೇ ಹೌದು, ಆದರೆ ಅದಕ್ಕೆ ಕಾರಣವಿತ್ತು. ಆ ಅಂಗಡಿಯಲ್ಲಿ ಇಬ್ಬರು ಹೆಂಗಸರು. ಮನೆಯ ಹಿರಿಸೊಸೆ ದೊಡ್ಡಕ್ಕ, ಕಿರಿಸೊಸೆ ಚಿಕ್ಕಕ್ಕ. ಇಬ್ಬರೂ ವಾರಗಿತ್ತಿಯರು. ಬೀದಿಗೆ ಬೀದಿಯೇ ಅವರನ್ನು ಹಾಗೆ ಕರೆದು ರೂಢಿಯಾಗಿ, ಅವರಿಗೆ ಬೇರೆ ಹೆಸರಿತ್ತು ಎನ್ನುವುದು ಅವರ ಗಂಡಂದಿರಿಗಾದರೂ ನೆನಪಿದೆಯೋ ಇಲ್ಲವೋ. ದೊಡ್ಡಕ್ಕ ಬಾಗಿಲ ಬಳಿಯ ಮೇಜಿನ ಮೇಲೆ ಬಟ್ಟೆ ಕತ್ತರಿಸುತ್ತಾರೆ. ಚಿಕ್ಕಕ್ಕ ಕಿಟಕಿಯ ಪಕ್ಕ ಮಿಷನ್ನಿನಲ್ಲಿ ಹೊಲಿಯುತ್ತಾರೆ. ನಡುವೆ ಎರಡು ಮಾರು ದೂರ, ಒಂದು ಇಸ್ತ್ರಿ ಹಲಗೆ, ಒಂದು ಗಿರಾಕಿಗಳ ಬೆಂಚು. ನಾನು ಆ ಬೆಂಚಿನ ಮೇಲೆ ಕೂತಾಗೆಲ್ಲ ಚಿಕ್ಕಕ್ಕ ಹೊಲಿಯುವುದು ನಿಲ್ಲಿಸಿ, "ಆ ಕಡೆ ಕಪ್ಪು ನೂಲಿನ ಉಂಡೆ ಇದ್ಯಾ ಅಂತ ಸ್ವಲ್ಪ ಕೇಳ್ತೀರಾ?" ಎನ್ನುತ್ತಿದ್ದರು. ಎರಡು ಮಾರು ದೂರದವರನ್ನು ತಾವೇ ಕೇಳದೆ ನನ್ನಿಂದ ಕೇಳಿಸುತ್ತಾರೆಂದರೆ, ಪಾಪ ಆಕೆಗೆ ಕಿವಿ ಮಂದ, ಕೂಗಿ ಕೂಗಿ ಇವರಿಗೆ ಸಾಕಾಗಿರಬೇಕು ಎಂದು ನಾನು ಲೆಕ್ಕ ಹಾಕಿದ್ದೆ.

ಅಸಲು ಸಂಗತಿ, ಇಬ್ಬರಿಗೂ ಮಾತು ಬಿಟ್ಟುಹೋಗಿ ವರ್ಷಗಳಾಗಿದ್ದವು.

ಜಗಳದ ಮೂಲ ನಮ್ಮ ಬೀದಿಯ ವರ್ತಕರ ಸಂಘದ ಸಭಾಭವನದ ಪರದೆಗಳು. ಹಾರುವ ಹಕ್ಕಿಗಳ ಚಿತ್ರವಿದ್ದ ಒಳ್ಳೆಯ ಬಟ್ಟೆ. ದೊಡ್ಡಕ್ಕ ಕತ್ತರಿಸಿ, ಮೇಲ್ತುದಿ ಯಾವುದೆಂದು ಚಾಕ್‌ಪೀಸಿನಲ್ಲಿ ಗುರುತು ಹಾಕಿಕೊಟ್ಟರು. ಚಿಕ್ಕಕ್ಕ ಗುರುತು ನೋಡಿ ನೆರಿಗೆ ಹಿಡಿದು ಹೊಲಿದರು. ಕಿಟಕಿಗೆ ನೇತುಹಾಕಿದಾಗ ಅಷ್ಟೂ ಹಕ್ಕಿಗಳು ಬೆನ್ನು ಕೆಳಗೆ, ಕಾಲು ಮೇಲೆ ಮಾಡಿಕೊಂಡು ಹಾರುತ್ತಿದ್ದವು.

"ಹೊಲಿಯುವಾಗ ಕಣ್ಣು ಎಲ್ಲಿತ್ತು?" ಎಂದರು ಇವರು.

"ಗುರುತು ಹಾಕುವಾಗ ಕೈ ಎಲ್ಲಿತ್ತು?" ಎಂದರು ಅವರು.

ಚಾಕ್‌ಪೀಸಿನ ಗುರುತು ಅಷ್ಟರಲ್ಲಿ ಇಸ್ತ್ರಿಗೆ ಸಿಕ್ಕು ಅಳಿಸಿಹೋಗಿತ್ತು. ಸಾಕ್ಷಿಯಿಲ್ಲದ ಮೊಕದ್ದಮೆಗೆ ಆಯಸ್ಸು ಹೆಚ್ಚು. ಇದರಲ್ಲಿ ಸೋಜಿಗವೆಂದರೆ, ಪರದೆ ಮಾಡಿಸಿದವರಿಗೆ ತಪ್ಪು ಇವತ್ತಿಗೂ ಗೊತ್ತಿಲ್ಲ. ಪಾತ್ರೆ ಅಂಗಡಿಯ ಯಜಮಾನರೂ ಆದ ನಮ್ಮ ಸಂಘದ ಅಧ್ಯಕ್ಷರು ಉದ್ಘಾಟನೆಯ ದಿನ ಪರದೆಯ ಕಡೆ ಕೈ ತೋರಿಸಿ, "ನೆಲ ನೋಡುತ್ತಾ ಹಾರೋದು ಮಾಮೂಲಿ ಹಕ್ಕಿ. ಆಕಾಶ ನೋಡುತ್ತಾ ಹಾರೋದು ನಮ್ಮ ಸಂಘದ ಹಕ್ಕಿ!" ಎಂದು ಭಾಷಣ ಮಾಡಿದ್ದರು. ಚಪ್ಪಾಳೆ ಬಿದ್ದಿತ್ತು. ತಪ್ಪು ಯಾರಿಗೂ ಕಾಣಲಿಲ್ಲ, ಆ ಇಬ್ಬರಿಗೆ ಮಾತ್ರ ಕಂಡಿತು, ಅಷ್ಟೇ ಸಾಕಾಯಿತು.

ಇದು ನಡೆಯುವ ಮುಂಚೆ ಅವರಿಬ್ಬರೂ ಒಂದೇ ಸೂಜಿ, ಒಂದೇ ನೂಲು. ಚಿಕ್ಕಕ್ಕ ಮದುವೆಯಾಗಿ ಬಂದಾಗ ಸೂಜಿಗೆ ನೂಲು ಪೋಣಿಸಲೂ ಬರುತ್ತಿರಲಿಲ್ಲವಂತೆ. ಕಲಿಸಿದ್ದು ದೊಡ್ಡಕ್ಕ. ಮೊದಲ ದಿನ ಆಕೆ ಗಿರಾಕಿಯ ಅಂಗಿಯ ಜೊತೆಗೆ ತನ್ನ ತೋಳಿನ ಅಂಚನ್ನೂ ಸೇರಿಸಿ ಹೊಲಿದುಕೊಂಡು, ಮಿಷನ್ನಿಗೆ ಕಟ್ಟಿಹಾಕಿದ ಕರುವಿನ ಹಾಗೆ ಒದ್ದಾಡಿದ್ದನ್ನು ದೊಡ್ಡಕ್ಕ ಇಂದಿಗೂ ಹೇಳುತ್ತಾರೆ. ಜಗಳವಾದ ಮೇಲೂ ಹೇಳುತ್ತಿದ್ದರು, ಅದೂ ಆಕೆಯ ಎದುರಿಗೇ, ಆದರೆ ನನ್ನ ಮುಖ ನೋಡಿಕೊಂಡು.

ದೊಡ್ಡಕ್ಕನ ಸ್ವಭಾವ ಒಂದಿಷ್ಟು ಹೇಳಬೇಕು. ಸ್ಥೂಲ ಶರೀರ, ಕೊರಳಲ್ಲಿ ಯಾವಾಗಲೂ ಅಳತೆ ಟೇಪು, ಬಾಯಲ್ಲಿ ಗುಂಡುಸೂಜಿಗಳು. ಗುಂಡುಸೂಜಿ ಕಚ್ಚಿಕೊಂಡೇ ಅವರು ನಗಬಲ್ಲರು, ಬೈಯಬಲ್ಲರು. ಜನರ ಮುಖ ಅವರಿಗೆ ನೆನಪಿರುವುದಿಲ್ಲ, ಮೈ ನೆನಪಿರುತ್ತದೆ. ಹಾಗಾಗಿ ಬೀದಿಯವರಿಗೆಲ್ಲ ಅವರದೇ ನಾಮಕರಣ. ಬೇಕರಿಯವರು "ಕುತ್ತಿಗೆ ಇಲ್ಲದವ್ರು", ಗಡಿಯಾರದವನು "ಎಡಭುಜ ಇಳಿದವ್ನು", ಸನ್ಮಾನ್ಯ ಅಧ್ಯಕ್ಷರು "ಎದೆಗಿಂತ ಹೊಟ್ಟೆ ಮುಂದು". ನಾನು "ಗಿಡ್ಡ ಕಾಲಿನವ್ರು". ಯಾರಿಗೂ ಬೇಸರವಿಲ್ಲ; ಹೊಲಿಗೆ ಸರಿ ಬರುತ್ತಿತ್ತಲ್ಲ.

ಮಾತು ಬಿಟ್ಟ ಮೇಲೆ ಆ ಅಂಗಡಿಗೆ ತನ್ನದೇ ಒಂದು ನಿಯಮ ಬಂತು. ಯಾವ ಮಾತಾದರೂ ಮೂರನೆಯವರ ಮೂಲಕ ಹೋಗಬೇಕು. ಎದುರಿನವರಿಗೆ ಕೇಳಿಸಿತು ಎಂದರೆ ಸಾಲದು. ಮೂರನೆಯವರು ಅದನ್ನು ಮತ್ತೊಮ್ಮೆ ಹೇಳಬೇಕು. ಹೇಳಿದರೆ ಮಾತು ತಲುಪಿತು, ಇಲ್ಲದಿದ್ದರೆ ಇಲ್ಲ. ಅಂಗಡಿಯಲ್ಲಿ ಗಿರಾಕಿ. ಮನೆಯಲ್ಲಿ ಬೆಕ್ಕು. "ಬೆಕ್ಕೇ, ಹಾಲು ಉಕ್ಕುತ್ತಾ ಇರೋದು ನಿನಗಾದ್ರೂ ಕಾಣುತ್ತೇನೇ?" ಎಂದು ಒಬ್ಬರು ಅಂದರೆ, "ಕಾಣುತ್ತೆ ಅಂತ ಹೇಳೇ ಬೆಕ್ಕೇ" ಎಂದು ಇನ್ನೊಬ್ಬರು ಒಲೆ ಆರಿಸುತ್ತಿದ್ದರಂತೆ. ಬೆಕ್ಕು ಸುಮ್ಮನಿದ್ದರೂ ನಡೆಯುತ್ತಿತ್ತು, ಏಕೆಂದರೆ ಅದು ಮನೆಯ ಬೆಕ್ಕು. ಅವರ ಗಂಡಂದಿರು, ಅಣ್ಣತಮ್ಮಂದಿರಿಬ್ಬರೂ, ಒಂದೇ ಗೋದಾಮಿನಲ್ಲಿ ಕೆಲಸ ಮಾಡಿ, ಒಂದೇ ಸ್ಕೂಟರಿನಲ್ಲಿ ಬಂದು, "ಹೆಂಗಸರ ವಿಷಯ ನಮಗ್ಯಾಕೆ" ಎಂದು ಒಟ್ಟಿಗೇ ಟೀವಿ ಮುಂದೆ ಕೂರುತ್ತಿದ್ದರು.

ಮೂರನೆಯವರ ಪೈಕಿ ನಾನೇ ಶ್ರೇಷ್ಠ ಎಂಬ ಅಭಿಪ್ರಾಯ ನನಗಿತ್ತು. ಬೇರೆಯವರು ಬರೀ ಮಾತು ಸಾಗಿಸುತ್ತಿದ್ದರು. ನಾನು ಅದರ ಮೊನೆ ಮುರಿದು, ಇಸ್ತ್ರಿ ಮಾಡಿ ಸಾಗಿಸುತ್ತಿದ್ದೆ. "ಕಣ್ಣು ಕುರುಡಾ ಅಂತ ಕೇಳಿ" ಎಂದು ಒಪ್ಪಿಸಿದರೆ, "ಸ್ವಲ್ಪ ಬೆಳಕು ಕಡಿಮೆ ಇದೆಯಂತೆ" ಎಂದು ತಲುಪಿಸುತ್ತಿದ್ದೆ. "ಆ ಮನೆ ಒಡೆಯದೆ ಉಳಿದಿದೆ ಅಂದರೆ ಅದಕ್ಕೆ ನಾನೊಂದು ಸೇತುವೆ" ಎಂದು ಮನೆಯಲ್ಲಿ ಒಮ್ಮೆ ಅಂದೆ. "ಸೇತುವೆ ಅಂದ್ರೆ ಜನ ತುಳಿದುಕೊಂಡು ಹೋಗೋದು, ಗೊತ್ತಾಯ್ತಾ?" ಎಂದಳು ಹೆಂಡತಿ.

ಹೀಗಿರುವಾಗ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿತು. ಅಧ್ಯಕ್ಷರು ಯಾರೂ ಊಹಿಸದ ಘೋಷಣೆ ಮಾಡಿದರು: ವಿದೇಶ ಪ್ರವಾಸ, ಅಂಗಡಿಗೆ ಇಬ್ಬರಂತೆ. ಹೊಲಿಗೆ ಅಂಗಡಿಯಿಂದ ಯಾರು? ದೊಡ್ಡಕ್ಕ ಹೋದರೆ ಅದು ಅವರ ಅಂಗಡಿ ಎಂದಾಗುತ್ತದೆ ಎಂದು ಚಿಕ್ಕಕ್ಕ ಹೊರಟರು. ಚಿಕ್ಕಕ್ಕ ಹೊರಟರಲ್ಲ ಎಂದು ದೊಡ್ಡಕ್ಕ ಹೊರಟರು. ನನ್ನ ಪುಸ್ತಕದಂಗಡಿಯಿಂದ ನಾನು ಹೊರಟೆ. ಹೆಂಡತಿ, "ವಿಮಾನದಲ್ಲಿ ನಿಮ್ಮ ಪಕ್ಕ ಕೂತು ನಿಮ್ಮ ಅಭಿಪ್ರಾಯ ಕೇಳೋದಕ್ಕಿಂತ ಮನೆಯಲ್ಲಿ ಸುಖವಾಗಿರ್ತೀನಿ" ಎಂದು ತನ್ನ ಜಾಗ ಬಿಟ್ಟುಕೊಟ್ಟಳು.

ಹೊರಡುವ ಹಿಂದಿನ ವಾರ ನಾನು ಬೆಂಚಿನ ಮೇಲಿದ್ದೆ. ಚಿಕ್ಕಕ್ಕ ಮಿಷನ್ ನಿಲ್ಲಿಸಿದರು. ಕಿಟಕಿಯ ಕಡೆಗೇ ಮುಖ ಮಾಡಿಕೊಂಡು, "ಬಸ್ ನಿಲ್ದಾಣದ ಹಿಂದೆ ಒಂದು ಮಳಿಗೆ ನೋಡಿದ್ದೀನಿ. ಪ್ರವಾಸ ಮುಗಿಸಿ ಬಂದ ಮೇಲೆ ನನ್ನ ಮಿಷನ್ನು ತಗೊಂಡು ಅಲ್ಲಿಗೆ ಹೋಗ್ತೀನಿ ಅಂತ ಹೇಳಿ ಅವರಿಗೆ" ಎಂದರು.

ಈ ಮಾತಿಗೆ ಇಸ್ತ್ರಿ ಹಾಕುವುದು ಹೇಗೆಂದು ನನಗೆ ತಿಳಿಯಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ದೊಡ್ಡಕ್ಕನ ಕತ್ತರಿ ಬಟ್ಟೆಯ ನಡುವೆ ನಿಂತಿತು.

"ಹೋಗಲಿ ಅಂತ ಹೇಳಿ," ಎಂದರು.

ಕತ್ತರಿ ಮತ್ತೆ ನಡೆಯಿತು. ಅಂದು ಅವರು ಕತ್ತರಿಸಿದ ಬಟ್ಟೆ ಅಂಗಿಗೂ ಬರಲಿಲ್ಲ, ಚೀಲಕ್ಕೂ ಬರಲಿಲ್ಲ. ಒರೆಸುವ ಬಟ್ಟೆಯಾಗಿ ಅಂಗಡಿಯ ಮೂಲೆಯಲ್ಲಿ ಬಿದ್ದಿತ್ತು.

ಪ್ರವಾಸದ ಬಗ್ಗೆ ಬರೆಯಲು ಹೊರಟವರು ಸಾಮಾನ್ಯವಾಗಿ ಗೋಪುರ, ಸರೋವರ, ಹಿಮದ ಬೆಟ್ಟ ವರ್ಣಿಸುತ್ತಾರೆ. ಅವೆಲ್ಲ ಇದ್ದವು. ಆದರೆ ನನಗೆ ಎಲ್ಲಕ್ಕಿಂತ ಮುಂದೆ ಕಾಣುವುದು ಅಧ್ಯಕ್ಷರ ಕೆಂಪು ಕೊಡೆ. ಆ ಕೊಡೆಯನ್ನು ಎತ್ತಿ ಹಿಡಿದು ಅವರು ಮುಂದೆ, ನಾವೆಲ್ಲ ಹಿಂದೆ. ದಾರಿ ಗೊತ್ತಿದ್ದದ್ದು ಪ್ರವಾಸ ಕಂಪನಿಯ ಮ್ಯಾನೇಜರಿಗೆ, ಆತ ಯಾವಾಗಲೂ ಅಧ್ಯಕ್ಷರ ಹಿಂದೆ ಓಡುತ್ತಾ, "ಸರ್, ಎಡಕ್ಕೆ... ಸರ್, ಇನ್ನೊಂದು ಎಡ..." ಎನ್ನುತ್ತಿದ್ದ. ಅಧ್ಯಕ್ಷರು ತಾವೇ ಕಂಡುಹಿಡಿದವರಂತೆ ಎಡಕ್ಕೆ ತಿರುಗುತ್ತಿದ್ದರು.

ಹೋಟೆಲಿನಲ್ಲಿ ಒಂದೇ ಅಂಗಡಿಯವರೆಂದು ದೊಡ್ಡಕ್ಕ ಚಿಕ್ಕಕ್ಕನಿಗೆ ಒಂದೇ ಕೋಣೆ. ಅಲ್ಲಿ ಗಿರಾಕಿಯಿಲ್ಲ, ಬೆಕ್ಕಿಲ್ಲ. ಹೇಗೆ ನಿಭಾಯಿಸುತ್ತೀರಿ ಎಂದು ಕೇಳಿದ್ದಕ್ಕೆ ದೊಡ್ಡಕ್ಕ, "ಟೀವಿ ಇದೆಯಲ್ಲ" ಎಂದರು. ಆ ದೇಶದ ವಾರ್ತೆ ಓದುವವನು ಗಂಭೀರವಾಗಿ ಏನೋ ಓದುತ್ತಿದ್ದರೆ, ಇವರು ಅವನಿಗೆ, "ಸ್ನಾನಕ್ಕೆ ಹೋದೋರು ಬೇಗ ಬರಬೇಕು ಅಂತ ಹೇಳಪ್ಪಾ" ಎನ್ನುವರಂತೆ. ಅವನೂ ಏನೋ ಹೇಳುತ್ತಲೇ ಇರುತ್ತಿದ್ದನಲ್ಲ, ಹೇಳಿದ ಲೆಕ್ಕಕ್ಕೆ ಬರುತ್ತಿತ್ತು.

ಬಸ್ಸಿನಲ್ಲಿ ಮಾತ್ರ ಇಬ್ಬರೂ ಬೇರೆ ಬೇರೆ. ದೊಡ್ಡಕ್ಕ ನನ್ನ ಪಕ್ಕ. ಚಿಕ್ಕಕ್ಕ ಹಿಂದಿನ ಸೀಟಿನಲ್ಲಿ, ಬೇಕರಿಯವರ ಹೆಂಡತಿಯ ಪಕ್ಕ. ಬೇಕರಿಯವರ ಹೆಂಡತಿ ಬಸ್ಸು ಹೊರಟ ಕೂಡಲೇ ನಿದ್ದೆ ಹೋಗುವ ಪುಣ್ಯವಂತೆ. ಒಂದು ಮಧ್ಯಾಹ್ನ, ಎಲ್ಲರೂ ಓಹೋ ಎಂದು ಹೊರಗಿನ ಬೆಟ್ಟದ ಫೋಟೋ ತೆಗೆಯುತ್ತಿದ್ದಾಗ, ದೊಡ್ಡಕ್ಕ ಕಿಟಕಿ ನೋಡದೆ ತಮ್ಮ ಅಂಗೈ ನೋಡಿಕೊಂಡು ಕೂತಿದ್ದರು.

"ಊರಿಗೆ ಹೋದ ಮೇಲೆ ಅವಳು ಹೋಗ್ಬಿಡ್ತಾಳೆ ಕಣ್ರೀ," ಎಂದು ಪಿಸುಗುಟ್ಟಿದರು.

"ಬೇಡ ಅಂತ ಹೇಳ್ಲಾ?" ನಾನು ಹಿಂದಕ್ಕೆ ತಿರುಗಲು ಸಿದ್ಧನಾದೆ.

"ಸುಮ್ನಿರಿ. ಇದು ಹೇಳಿ ಕಳಿಸೋ ಮಾತಲ್ಲ."

"ಹಾಗಾದ್ರೆ ನೀವೇ ಹೇಳಿ."

"ಬಾಯಿ ಬರಬೇಕಲ್ಲ. ಅಷ್ಟು ವರ್ಷ ಸುಮ್ನಿದ್ದು ಈಗ ಎಲ್ಲಿಂದ ಶುರು ಮಾಡ್ಲಿ? ಊಟ ಆಯ್ತಾ ಅಂತ್ಲಾ? ಪಕ್ಕದಲ್ಲೇ ಕೂತು ಉಂಡಿರ್ತೀವಿ."

ಮರುದಿನ ಅರಮನೆ. ಹಳೆಯ ರಾಜರದು, ಈಗ ನೋಡಲು ಬಿಟ್ಟಿದ್ದಾರೆ. ನಾವೆಲ್ಲ ಚಾವಣಿಯ ಚಿತ್ರ ನೋಡಿ ಕುತ್ತಿಗೆ ನೋಯಿಸಿಕೊಳ್ಳುತ್ತಿದ್ದರೆ, ಚಿಕ್ಕಕ್ಕ ರಾಣಿಯ ಮಲಗುವ ಕೋಣೆಯ ಪರದೆಯ ಬಳಿ ಬಗ್ಗಿ, ಅಂಚಿನ ಹೊಲಿಗೆಯನ್ನು ಇಣುಕಿ ನೋಡುತ್ತಿದ್ದರು. ಮುಟ್ಟಬಾರದೆಂದು ಹಗ್ಗ ಕಟ್ಟಿತ್ತು. ಕೋಣೆಯ ಮೂಲೆಯಲ್ಲಿ ನೀಲಿ ಕೋಟಿನ ಕಾವಲುಗಾರ ಕುರ್ಚಿಯ ಮೇಲೆ ಕೂತು, ಈ ಹೆಂಗಸು ಹಗ್ಗ ಯಾವಾಗ ದಾಟುತ್ತಾಳೋ ಎಂದು ಕಣ್ಣಿಟ್ಟಿದ್ದ.

ಅಷ್ಟರಲ್ಲಿ ಮ್ಯಾನೇಜರ್ ಏದುಸಿರು ಬಿಡುತ್ತಾ ಬಂದು, ಬಾಗಿಲಲ್ಲಿದ್ದ ದೊಡ್ಡಕ್ಕನಿಗೆ, "ಮುಂದಿನ ಗೇಟಲ್ಲಿ ಬಸ್ ನಿಲ್ಲಿಸೋಕೆ ಬಿಡ್ತಿಲ್ಲ, ಹಿಂದಿನ ಗೇಟಿಗೆ ಬನ್ನಿ, ನಿಮ್ಮ ಹಿಂದೆ ಇರೋರಿಗೂ ಹೇಳಿಬಿಡಿ ಅಮ್ಮಾ" ಎಂದು ಅದೇ ಓಟದಲ್ಲಿ ಮುಂದೆ ಹೋದ. ದೊಡ್ಡಕ್ಕ ಹಿಂದಕ್ಕೆ ತಿರುಗಿ ನೋಡಿದರು. ಹಿಂದೆ ಇದ್ದವರು ಒಬ್ಬರೇ, ಚಿಕ್ಕಕ್ಕ. ಮೂರನೆಯವರು ಬೇಕಲ್ಲ? ನಾನು ಆಗಲೇ ಮುಂದಿನ ಕೋಣೆಯಲ್ಲಿ ಒಬ್ಬ ರಾಜನ ಕುದುರೆಯ ಮೇಲೆ ಅಭಿಪ್ರಾಯ ಹೇಳುತ್ತಿದ್ದೆ. ಅಲ್ಲಿದ್ದದ್ದು ಆ ಕಾವಲುಗಾರ.

ದೊಡ್ಡಕ್ಕ ಅವನ ಬಳಿ ಹೋಗಿ, ಮರ್ಯಾದೆಯಾಗಿ, ಅಚ್ಚ ಕನ್ನಡದಲ್ಲಿ, "ಬಸ್ಸು ಹಿಂದಿನ ಗೇಟಿಗೆ ಬರುತ್ತಂತೆ. ತಡ ಮಾಡ್ದೆ ಬರಬೇಕಂತೆ. ಸ್ವಲ್ಪ ಹೇಳ್ಬಿಡಿ" ಎಂದರು.

ಕಾವಲುಗಾರ ಎದ್ದು ನಿಂತು ತಲೆ ಬಗ್ಗಿಸಿದ. ಒಳ್ಳೆಯ ಮನೆತನದವನಿರಬೇಕು. ದೊಡ್ಡಕ್ಕ ತಮ್ಮ ಕರ್ತವ್ಯ ಮುಗಿಯಿತೆಂದು ಹಿಂದಿನ ಗೇಟಿಗೆ ನಡೆದರು.

ಚಿಕ್ಕಕ್ಕನಿಗೆ ಒಂದಕ್ಷರವೂ ಬಿಡದೆ ಕೇಳಿಸಿತ್ತು. ಆದರೆ ನಿಯಮ ನಿಯಮವೇ. ಅವರು ಪರದೆ ಬಿಟ್ಟು ನೆಟ್ಟಗೆ ನಿಂತು, ಕಾವಲುಗಾರ ಹೇಳಲೆಂದು ಕಾದರು. ಕಾವಲುಗಾರ, ಈ ಹೆಂಗಸು ಹಗ್ಗದಿಂದ ದೂರ ಸರಿದಳಲ್ಲ ಎಂದು ಸಂತೋಷದಿಂದ ನಕ್ಕ. ಇವರೂ ಕಾದರು. ಅವನೂ ನಕ್ಕ. ಹೇಳಲೇ ಇಲ್ಲ. ಹೇಳದ ಮೇಲೆ ನನಗೇನು ಎಂದು ಚಿಕ್ಕಕ್ಕ ನೇರ ಮುಂದಿನ ಗೇಟಿಗೆ ಹೋದರು.

ಬಸ್ಸಿನಲ್ಲಿ ಅಧ್ಯಕ್ಷರದು ಒಂದು ಪದ್ಧತಿ. ತಲೆ ಎಣಿಸುವುದು ಕುರಿ ಕಾಯುವವರ ಕೆಲಸ ಎಂದು ಅವರ ಅಭಿಪ್ರಾಯ. ಹಾಗಾಗಿ ಕೊಡೆ ಎತ್ತಿ, "ನಿಮ್ಮ ನಿಮ್ಮ ಪಕ್ಕದವರು ಬಂದಿದ್ದಾರಾ?" ಎಂದು ಗರ್ಜಿಸುತ್ತಿದ್ದರು. "ಬಂದಿದ್ದಾರೆ!" ಎಂದು ಎಲ್ಲರೂ ಕೂಗಬೇಕು. ಬೇಕರಿಯವರ ಹೆಂಡತಿ ನಿದ್ದೆಗಣ್ಣಲ್ಲೇ "ಬಂದಿದ್ದಾರೆ" ಎಂದು ಕೂಗಿ ಮತ್ತೆ ಮಲಗಿದರು. ಬಸ್ಸು ಹೊರಟಿತು.

ಊರು ದಾಟಿ ದೊಡ್ಡ ರಸ್ತೆ ಹಿಡಿದಿದ್ದೆವು. ತಣ್ಣನೆ ಗಾಳಿ ನುಗ್ಗುತ್ತಿತ್ತು. ದೊಡ್ಡಕ್ಕ ನನ್ನ ಮೊಣಕೈ ತಿವಿದು, "ಕಿಟಕಿ ಮುಚ್ಕೊಳ್ಳೋಕೆ ಹೇಳಿ ಅವಳಿಗೆ. ಗಂಟಲು ಕಟ್ಟುತ್ತೆ, ಆಮೇಲೆ ರಾತ್ರಿಯೆಲ್ಲ ಕೆಮ್ಮು" ಎಂದರು. ನಾನು ಹಿಂದೆ ತಿರುಗಿ, "ಚಿಕ್ಕಕ್ಕ, ಕಿಟಕಿ..." ಎಂದವನು ಅಲ್ಲೇ ನಿಂತೆ. ಸೀಟಿನ ಮೇಲೆ ಶಾಲು ಇತ್ತು. ಶಾಲಿನೊಳಗೆ ಯಾರೂ ಇರಲಿಲ್ಲ.

ಮುಂದಿನದು ಗದ್ದಲ. ಮ್ಯಾನೇಜರ್ ಚಿಕ್ಕಕ್ಕನ ಫೋನಿಗೆ ಕರೆ ಮಾಡಿದ; ಫೋನು ಆ ಶಾಲಿನ ಮಡಿಕೆಯೊಳಗೇ ಹಾಡಿತು. ಅಧ್ಯಕ್ಷರು ಎದ್ದು ನಿಂತು, "ಯಾರೂ ಗಾಬರಿಯಾಗಬೇಡಿ. ಸಂಘ ನಿಮ್ಮ ಜೊತೆಗಿದೆ. ಇಂಥ ಸಂದರ್ಭದಲ್ಲಿ ನಾವೆಲ್ಲ ಒಗ್ಗಟ್ಟಿನಿಂದ..." ಎಂದು ಶುರು ಮಾಡಿದರು. ದೊಡ್ಡಕ್ಕ ಸೀಟಿನಿಂದ ಎದ್ದರು. ಅವರು ಎದ್ದರೆ ಬಸ್ಸಿಗೇ ಗೊತ್ತಾಗುತ್ತದೆ. ಡ್ರೈವರನ ಹಿಂದಿನ ತಗಡಿಗೆ ಧಡಧಡ ಬಡಿದು, "ನಿಲ್ಲಿಸಯ್ಯಾ!" ಎಂದರು. ಆ ಡ್ರೈವರನಿಗೆ ಕನ್ನಡ ಬರುತ್ತಿರಲಿಲ್ಲ ಎಂದು ಯಾರೂ ಹೇಳುವಂತಿಲ್ಲ, ತಕ್ಷಣ ನಿಲ್ಲಿಸಿದ.

ದೊಡ್ಡಕ್ಕ, ಮ್ಯಾನೇಜರ್, ನಾನು ಇಳಿದು ಟ್ಯಾಕ್ಸಿ ಹಿಡಿದೆವು. ಉಳಿದವರು ಸರೋವರ ನೋಡಲು ಹೋದರು, ಅಧ್ಯಕ್ಷರು ಕೊಡೆಯ ಸಮೇತ. ದಾರಿಯುದ್ದಕ್ಕೂ ದೊಡ್ಡಕ್ಕನದು ಒಂದೇ ಕೆಲಸ: ಕೊರಳಿನ ಟೇಪನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು, ಸುತ್ತುವುದು, ಬಿಚ್ಚುವುದು. ಪ್ರವಾಸಕ್ಕೂ ಟೇಪು ತಂದಿದ್ದರು ಎಂದು ನಾನು ನೋಡಿದ್ದು ಆಗಲೇ. ಒಮ್ಮೆ ಮಾತ್ರ, "ಅವಳಿಗೆ ಒಂದು ಭಾಷೆ ಬಿಟ್ರೆ ಇನ್ನೊಂದು ಬರಲ್ಲ" ಎಂದರು. ಯಾರಿಗೂ ಹೇಳಲಿಲ್ಲ, ಕಿಟಕಿಯ ಗಾಜಿಗೆ ಹೇಳಿದರು.

ಅರಮನೆ ಮುಚ್ಚುವ ಹೊತ್ತು. ಮುಂದಿನ ಗೇಟಿನ ಮೆಟ್ಟಿಲ ಮೇಲೆ ಚಿಕ್ಕಕ್ಕ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಪಕ್ಕದಲ್ಲಿ ಅದೇ ನೀಲಿ ಕೋಟಿನ ಕಾವಲುಗಾರ. ಪಾಪ, ಗುಂಪು ಹಿಂದಿನ ಗೇಟಿಂದ ಹೋಯಿತೆಂದು ಅವನಿಗೆ ಈಗ ತಿಳಿದಿತ್ತು. ಎರಡೂ ಕೈ ಬೀಸಿ ಹಿಂದಿನ ಗೇಟು ತೋರಿಸುತ್ತಿದ್ದ. ಚಿಕ್ಕಕ್ಕ, ಇವನು ತನ್ನನ್ನು ಓಡಿಸುತ್ತಿದ್ದಾನೆ ಎಂದುಕೊಂಡು ಇನ್ನೂ ಗಟ್ಟಿಯಾಗಿ ಕೂತಿದ್ದರು. ಅತ್ತಿದ್ದರು ಎಂಬುದು ದೂರದಿಂದಲೇ ಗೊತ್ತಾಗುತ್ತಿತ್ತು.

ದೊಡ್ಡಕ್ಕ ಟ್ಯಾಕ್ಸಿ ಪೂರ್ತಿ ನಿಲ್ಲುವ ಮೊದಲೇ ಇಳಿದರು. ಅಷ್ಟು ದೊಡ್ಡ ಅಂಗಳವನ್ನು ಆ ಶರೀರ ಹೊತ್ತು ಓಡಿದ್ದನ್ನು ನಾನು ನೋಡಿದೆ. ಓಡುತ್ತಲೇ ಕೂಗಿದರು:

"ಹಿಂದಿನ ಗೇಟು ಅಂತ ಹೇಳಿದ್ದು ಕೇಳಿಸ್ಲಿಲ್ವೇನೇ? ಇಲ್ಲಿ ಬಂದು ಯಾಕೆ ಕೂತೆ?"

ಚಿಕ್ಕಕ್ಕ ದಡಕ್ಕನೆ ಎದ್ದರು. "ನೀವು ನನಗೆ ಹೇಳಿದ್ರಾ? ಇವನಿಗೆ ಹೇಳಿದ್ರಿ! ಇವನು ನನಗೆ ಹೇಳಲೇ ಇಲ್ಲ!"

"ಅವನಿಗೆ ನಮ್ಮ ಮಾತು ಬರುತ್ತೇನೇ?"

"ಅದು ಹೇಳೋ ಮೊದಲು ನಿಮಗೆ ಗೊತ್ತಾಗಬೇಕಿತ್ತು ಅಕ್ಕಾ!"

"ಗೊತ್ತಾಗದೆ ಹೇಳಿದೆ! ಕೇಳಿಸಿದ ಮೇಲೆ ಬರೋದಕ್ಕೇನು ದಾಡಿ?"

ಅಷ್ಟು ವರ್ಷಗಳ ಅಭ್ಯಾಸ ನೋಡಿ. ಏದುಸಿರು ಬಿಡುತ್ತಾ ನಾನು ನಡುವೆ ನಿಂತು, "ಚಿಕ್ಕಕ್ಕ, ದೊಡ್ಡಕ್ಕ ಏನು ಹೇಳ್ತಾರಂದ್ರೆ..." ಎಂದೆ.

"ನೀವು ಸುಮ್ನಿರ್ರೀ!" ಎಂದರು ಇಬ್ಬರೂ, ಒಂದೇ ಗಂಟಲಿನಿಂದ ಬಂದ ಹಾಗೆ.

ಸರೋವರದವರೆಗೂ ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ ಪರದೆಯ ಜಗಳ ನಡೆಯಿತು. ಗುರುತು ಯಾವ ತುದಿಗೆ ಇತ್ತು, ಇಸ್ತ್ರಿ ಮಾಡಿದ್ದು ಯಾರು, ಮೊದಲ ನೆರಿಗೆ ಹಿಡಿಯುವಾಗ ಹಕ್ಕಿಯ ಕೊಕ್ಕು ಎತ್ತ ಇತ್ತು. ಮುಂದೆ ಕೂತಿದ್ದ ಮ್ಯಾನೇಜರ್ ಬೆದರಿ ನನ್ನ ಕಡೆ ಬಗ್ಗಿ, "ಸರ್, ಏನಾದ್ರೂ ಮಾಡ್ಬೇಕಾ?" ಎಂದು ಪಿಸುಗುಟ್ಟಿದ. "ಏನೂ ಬೇಡಪ್ಪಾ. ಇದು ಹಳೇ ಬಾಕಿ, ತೀರಲಿ" ಎಂದೆ. ಇಬ್ಬರ ನಡುವೆ ಸಿಕ್ಕಿಕೊಂಡಿದ್ದ ನನ್ನ ಕಿವಿಗಳೆರಡೂ ಅಂದು ಸಾರ್ಥಕವಾದವು. ಆದರೆ ಹೊಸ ಮಳಿಗೆಯ ವಿಷಯ ಇಬ್ಬರ ಬಾಯಲ್ಲೂ ಬರಲಿಲ್ಲ. ದೊಡ್ಡಕ್ಕ ಅದರ ಅಂಚಿನವರೆಗೆ ಬಂದು, ಮತ್ತೆ ಹಕ್ಕಿಯ ಕೊಕ್ಕಿಗೇ ಹೋಗುತ್ತಿದ್ದರು.

ಊರಿಗೆ ಬಂದೆವು. ಹೋಟೆಲಿನ ಬೆಳಗಿನ ತಿಂಡಿ ಎಷ್ಟು ಬೇಕಾದರೂ ತಿನ್ನಬಹುದು ಎಂದಿದ್ದುದರ ಪರಿಣಾಮ ಮೊದಲ ವಾರದಲ್ಲೇ ಕಾಣಿಸಿತು. ಗುಂಪಿಗೆ ಗುಂಪೇ ಪ್ಯಾಂಟಿನ ಸೊಂಟ ಬಿಡಿಸಲು ದೊಡ್ಡಕ್ಕನ ಅಂಗಡಿಗೆ ಬಂತು. ಬೆಂಚಿನ ಮೇಲೆ ಜಾಗವಿಲ್ಲದೆ ಮೆಟ್ಟಿಲ ಮೇಲೂ ಕೂತು, ಪ್ರವಾಸವನ್ನು ಮತ್ತೊಮ್ಮೆ ಮಾಡಿದೆವು. ಬೇಕರಿಯವರು ತಾವು ಹತ್ತದ ಗೋಪುರದ ಮೇಲಿನ ನೋಟ ವರ್ಣಿಸಿದರು. ಅವರ ಹೆಂಡತಿ ತಾವು ನಿದ್ದೆಯಲ್ಲಿ ದಾಟಿದ ಕಣಿವೆಯನ್ನು ಹೊಗಳಿದರು. ಅಧ್ಯಕ್ಷರು ಅಳತೆ ಕೊಡಲು ಎರಡೂ ಕೈ ಎತ್ತಿ ನಿಂತು, "ನಮ್ಮ ಚಿಕ್ಕಕ್ಕ ಕಳೆದುಹೋದ ದಿನ ನಾನು ಧೈರ್ಯಗೆಡದೆ ತಕ್ಷಣ ತಂಡ ಕಳಿಸಿದ್ದಕ್ಕೆ..." ಎಂದರು.

"ಉಸಿರು ಬಿಡಿ," ಎಂದರು ದೊಡ್ಡಕ್ಕ ಗುಂಡುಸೂಜಿಗಳ ನಡುವಿನಿಂದ. "ಹೊಟ್ಟೆ ಒಳಗೆಳೆದುಕೊಂಡು ಅಳತೆ ಕೊಟ್ರೆ ನಾಳೆ ಗುಂಡಿ ಹಾರುತ್ತೆ."

"ಅಕ್ಕಾ, ಅವರು ಬಿಡೋ ಬುರುಡೆಗೂ ಒಂದಿಷ್ಟು ಜಾಗ ಇಟ್ಟು ಕತ್ತರಿಸಿ," ಎಂದರು ಚಿಕ್ಕಕ್ಕ ಮಿಷನ್ನಿನ ಹಿಂದಿನಿಂದ.

ಎಲ್ಲರೂ ನಕ್ಕರು. ಈಗ ಎಲ್ಲ ಸರಿಹೋಯಿತು ಎಂದೇ ಬೀದಿ ಅಂದುಕೊಂಡಿತು. ನಾನೂ ಅಂದುಕೊಂಡೆ. ಆದರೆ ಸೋಮವಾರ ಬೆಳಗ್ಗೆ ಅಂಗಡಿಯ ಮುಂದೆ ತಳ್ಳುಗಾಡಿ ನಿಂತಿತ್ತು.

ಮಾತು ಬಂದಿತ್ತು ನಿಜ, ಆದರೆ ಹೋಗಬೇಡ ಎಂದು ಯಾರೂ ಅಂದಿರಲಿಲ್ಲ. ಹೋಗಲಿ ಎಂದು ಒಮ್ಮೆ ಹೇಳಿ ಕಳಿಸಿದ ಮಾತು, ಅದೂ ನನ್ನ ಬಾಯಲ್ಲೇ ಹೋದದ್ದು, ಹಾಗೆಯೇ ಇತ್ತು. ಚಿಕ್ಕಕ್ಕ ನೂಲಿನ ಉಂಡೆಗಳನ್ನು ಡಬ್ಬಿಗೆ ತುಂಬುತ್ತಿದ್ದರು, ಕಪ್ಪು ಒಂದು ಕಡೆ, ಬಿಳಿ ಒಂದು ಕಡೆ, ಬಹಳ ನಿಧಾನವಾಗಿ. ಗಾಡಿಯವನು ಮಿಷನ್ನನ್ನು ತಬ್ಬಿ ಎತ್ತಿದ. ದೊಡ್ಡಕ್ಕ ಮೇಜಿನ ಹಿಂದೆ ಕತ್ತರಿ ಹಿಡಿದು, ಕತ್ತರಿಸಲು ಏನೂ ಇಲ್ಲದೆ ನಿಂತಿದ್ದರು. ನಾನು ಸೊಂಟ ಬಿಡಿಸಿದ ಪ್ಯಾಂಟು ಒಯ್ಯಲು ಬಂದವನು ಬೆಂಚಿನ ಮೇಲೆ ಕೂತಿದ್ದೆ.

"ಗಿಡ್ಡ ಕಾಲಿನವ್ರೇ," ಎಂದರು ದೊಡ್ಡಕ್ಕ. "ಸ್ವಲ್ಪ ಅವಳಿಗೆ ಹೇಳಿ..."

ನಾನು ಗಂಟಲು ಸರಿಮಾಡಿಕೊಂಡು ಮುಂದಕ್ಕೆ ಬಾಗಿದೆ. ಇಂಥ ಮಾತು ಸಾಗಿಸುವ ಭಾಗ್ಯ ಯಾರಿಗುಂಟು? ದೊಡ್ಡಕ್ಕ ನನ್ನನ್ನು ನೋಡಿದರು. ಹೊಲಿಗೆ ಮುಗಿದ ಮೇಲೂ ಜೋತಾಡುವ ದಾರದ ತುಣುಕನ್ನು ನೋಡಿದ ಹಾಗೆ ನೋಡಿದರು. ಆಮೇಲೆ ಕತ್ತರಿ ಕೆಳಗಿಟ್ಟು, ಮೇಜು ಬಳಸಿ, ಇಸ್ತ್ರಿ ಹಲಗೆ ದಾಟಿ, ನನ್ನ ಮೊಣಕಾಲು ಸರಿಸಿ, ಚಿಕ್ಕಕ್ಕನ ಮುಂದೆ ಹೋಗಿ ನಿಂತರು.

"ಹೋಗಬೇಡ," ಎಂದರು.

ಚಿಕ್ಕಕ್ಕ ಡಬ್ಬಿಯಿಂದ ತಲೆ ಎತ್ತಲಿಲ್ಲ. "ಯಾಕೆ?"

"ಯಾಕೆ ಅಂದ್ರೆ? ನೀನು ಹೋದ್ರೆ ನಾನು ಯಾರ ಜೊತೆ ಮಾತು ಬಿಡ್ಲಿ?"

ಚಿಕ್ಕಕ್ಕನ ಹೆಗಲು ಅಲುಗಿತು. ನಗುವೋ ಅಳುವೋ ಮೊದಲು ತಿಳಿಯಲಿಲ್ಲ, ಎರಡೂ ಇತ್ತು. ದೊಡ್ಡಕ್ಕ ಕೊರಳಿನ ಟೇಪಿನ ತುದಿಯಿಂದಲೇ ಅವರ ಮುಖ ಒರೆಸಿದರು. "ಆ ಪರದೆಗೆ ಗುರುತು ನಾನೇ ಉಲ್ಟಾ ಹಾಕಿದ್ನೋ ಏನೋ. ಹಾಕಿರ್ತೀನಿ ಬಿಡು."

"ಇಲ್ಲ ಅಕ್ಕಾ, ನಾನೂ ಹೊಲಿಯುವಾಗ ಒಂದ್ಸಲ ನೋಡ್ಬೇಕಿತ್ತು."

"ನೋಡ್ಬೇಕಿತ್ತು ತಾನೇ? ಅದನ್ನೇ ನಾನು ಅವತ್ತಿಂದ..."

"ಅಮ್ಮಾ," ಎಂದ ಗಾಡಿಯವನು ಬಾಗಿಲಲ್ಲಿ, ಮಿಷನ್ನನ್ನು ಇನ್ನೂ ತಬ್ಬಿಕೊಂಡೇ. "ಒಳಗೋ ಹೊರಗೋ, ಯಾರಾದ್ರೂ ಒಂದು ಮಾತು ಹೇಳಿ. ನನ್ನ ಸೊಂಟ ಹೋಯ್ತು."

"ಒಳಗೆ," ಎಂದರು ಚಿಕ್ಕಕ್ಕ.

ಆ ಮೇಲೆ ಅಂಗಡಿಯಲ್ಲಿ ಮೌನ ಎಂಬುದೇ ಇಲ್ಲ. ತೋಳು ಉದ್ದವಾಯಿತೆಂದು ಜಗಳ, ನೂಲಿನ ಬಣ್ಣ ಸೇರಲಿಲ್ಲವೆಂದು ಜಗಳ, ನಡುವೆ ಪ್ರವಾಸದ ಮಾತು ಬಂದರೆ ಆ ಕಾವಲುಗಾರ ಎಡಗಡೆ ಕೂತಿದ್ದನೋ ಬಲಗಡೆಯೋ ಎಂದು ಜಗಳ. ಬೆಂಚಿನ ಮೇಲೆ ಕೂತರೆ ಮಾತುಗಳು ನನ್ನ ತಲೆಯ ಮೇಲೇ ಹಾದುಹೋಗುತ್ತವೆ. ನನ್ನನ್ನು ಯಾರೂ ಏನೂ ಕೇಳುವುದಿಲ್ಲ. ಕೆಲಸ ಹೋದ ನೌಕರನ ಹಾಗೆ ಕೆಲವು ದಿನ ಸುಮ್ಮನೆ ಕೂತು ಎದ್ದು ಬಂದೆ. ಮೊನ್ನೆ ತಡೆಯಲಾಗಲಿಲ್ಲ. ಚಿಕ್ಕಕ್ಕ ಗುಂಡಿ ತರಲು ಹೊರಗೆ ಹೋಗಿದ್ದಾಗ ಕೇಳಿಯೇಬಿಟ್ಟೆ:

"ಅಲ್ಲ ದೊಡ್ಡಕ್ಕ, ಎರಡು ಮಾರು ದೂರದಲ್ಲಿ ಕೂತಿದ್ರಿ. ಒಂದು ಮಾತಾಡೋಕೆ ವಿಮಾನ ಹತ್ತಿ ಸಮುದ್ರ ದಾಟಿ ಹೋಗಬೇಕಿತ್ತಾ? ಇಲ್ಲೇ ಮಾತಾಡಬಹುದಿತ್ತಲ್ಲ?"

ದೊಡ್ಡಕ್ಕ ಬಾಯಲ್ಲಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ದಿಂಬಿಗೆ ಚುಚ್ಚಿದರು.

"ಹೇಗ್ರೀ ಮಾತಾಡೋದು? ಇಲ್ಲಿ ಮಧ್ಯದಲ್ಲಿ ನೀವಿದ್ರಲ್ಲ."